ಊರಲ್ಲೇ ಕೇಳುಗರನ್ನು ಕಟ್ಟಿಕೊಳ್ಳುವುದು ಹೇಗೆ? ಪ್ರಯೋಗಶೀಲ ಇಂಡೀ ರಾಕ್ ಬ್ಯಾಂಡ್‌ಗೊಂದು ಸಮಗ್ರ ಮಾರ್ಗದರ್ಶಿ

ಮೊದಲ ಗಿಗ್‌ಗೆ, ಅಂದರೆ ಜನರೆದುರು ನುಡಿಸುವ ಕಾರ್ಯಕ್ರಮಕ್ಕೆ, ಸ್ನೇಹಿತರೆಲ್ಲ ಬರುತ್ತಾರೆ. ಎರಡನೆಯದಕ್ಕೆ ಅರ್ಧ ಜನ. ಮೂರನೆಯದಕ್ಕೆ ಡ್ರಮ್ಮರ್‌ನ ತಮ್ಮ, ಅವನ ಜೊತೆ ಇನ್ನೊಬ್ಬ. ಕವರ್ ಹಾಡು, ಅಂದರೆ ಬೇರೆಯವರ ಹಾಡು, ನುಡಿಸುವ ಬ್ಯಾಂಡ್‌ಗೆ ಈ ಕಷ್ಟ ಇಷ್ಟಿಲ್ಲ. ಜನಕ್ಕೆ ಹಾಡು ಮೊದಲೇ ಗೊತ್ತಿರುತ್ತದೆ, ಕೋರಸ್ ಬಂದಾಗ ತಾವೇ ಕೂಗುತ್ತಾರೆ. ಎಂಟು ನಿಮಿಷದ ಹಾಡು, ಏಳರ ಲಯ, ನಡುವೆ ಎರಡು ನಿಮಿಷ ಬರೀ ಸದ್ದು: ಇಂಥದ್ದನ್ನು ನುಡಿಸುವವರು ಕೇಳುಗರನ್ನು ಒಬ್ಬೊಬ್ಬರನ್ನಾಗಿ ಸೇರಿಸಿಕೊಳ್ಳಬೇಕು.

ಶುರುವಿಗೇ ಒಂದು ಲೆಕ್ಕ ಹೇಳಿಬಿಡುತ್ತೇನೆ. ನಿಮ್ಮ ನೆಂಟರೂ ಅಲ್ಲದ, ಸ್ನೇಹಿತರೂ ಅಲ್ಲದ ಎಷ್ಟು ಜನ ಎರಡನೇ ಸಲ ಬಂದರು? ನನ್ನ ಮಟ್ಟಿಗೆ ಬ್ಯಾಂಡ್ ಬೆಳೆಯುತ್ತಿದೆಯೋ ಇಲ್ಲವೋ ಅನ್ನುವುದಕ್ಕೆ ಇದೊಂದೇ ಅಳತೆ. ವ್ಯೂ, ಲೈಕ್, ಫಾಲೋವರ್ ಎಲ್ಲ ಆಮೇಲೆ. ದೂರದ ಊರಿನಿಂದ ಸಾವಿರ ಜನ ಲೈಕ್ ಒತ್ತಿದರೂ ಮುಂದಿನ ಶನಿವಾರ ಸಂಜೆ ಬಾಗಿಲಲ್ಲಿ ನಿಲ್ಲುವುದು ಇದೇ ಊರಿನವರು. ಕೆಳಗಿನ ಪ್ರತಿ ಹೆಜ್ಜೆಯೂ ಆ ಎರಡನೇ ಸಲದ ಸಲುವಾಗಿಯೇ ಇದೆ.

1. ಕಿವಿಗೆ ಒಂದು ಹಿಡಿ ಕೊಡಿ

ಪ್ರಯೋಗ ಅಂದರೆ ಎಲ್ಲವನ್ನೂ ಒಟ್ಟಿಗೆ ಕಲಕುವುದು ಅಂತ ಹೊಸ ಬ್ಯಾಂಡ್‌ಗಳಿಗೆ ಅನಿಸುತ್ತದೆ. ಲಯ ವಿಚಿತ್ರ, ಟ್ಯೂನಿಂಗ್ ವಿಚಿತ್ರ, ಹಾಡಿನ ಕಟ್ಟು ವಿಚಿತ್ರ, ಅದರ ಮೇಲೆ ಒಂದು ಪದವೂ ತಿಳಿಯದ ಹಾಡುಗಾರಿಕೆ. ಮೊದಲ ಸಲ ಕೇಳುವವರಿಗೆ ಇದರಲ್ಲಿ ಕಾಲೂರಲು ಜಾಗ ಎಲ್ಲಿದೆ? ಒಂದೊಂದು ಹಾಡಿನಲ್ಲೂ ಒಂದು ಅಂಶವನ್ನಾದರೂ ಸರಳವಾಗಿ ಬಿಡಿ. ಗಿಟಾರ್ ಅಲೆದಾಡುತ್ತಿದ್ದರೆ ಡ್ರಮ್ ನೆಟ್ಟಗಿರಲಿ. ಲಯ ತೊಡಕಾಗಿದ್ದರೆ ರಾಗ ಗುನುಗುವಂತಿರಲಿ.

1968ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ಶುರುವಾದ ಕ್ಯಾನ್ ಬ್ಯಾಂಡ್ ಕೇಳಿದವರಿಗೆ ಇದು ಗೊತ್ತಿರುತ್ತದೆ. ಉಳಿದವರು ಎಲ್ಲೆಲ್ಲೋ ಹೋಗುತ್ತಾರೆ, ಡ್ರಮ್ಮರ್ ಯಾಕಿ ಲೀಬೆಟ್‌ಸೈಟ್ ಮಾತ್ರ ಅದೇ ಬೀಟನ್ನು ಗಡಿಯಾರದ ಹಾಗೆ ನುಡಿಸುತ್ತಲೇ ಇರುತ್ತಾರೆ. ಸಂಗೀತ ಎಷ್ಟೇ ದೂರ ಹೋದರೂ ಕೇಳುವವರು ಕಳೆದುಹೋಗುವುದಿಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. ಸಂಗೀತದ ಗಂಧಗಾಳಿ ಇಲ್ಲದ ಒಬ್ಬರಿಗೆ ನಿಮ್ಮ ಹಾಡು ಕೇಳಿಸಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಒಂದು ಗಂಟೆ ಬಿಟ್ಟು ಏನು ನೆನಪಿದೆ ಅಂತ ಕೇಳಿ. ಮೇಜಿನ ಮೇಲೆ ಒಂದು ಲಯ ತಟ್ಟಿದರೂ ಸಾಕು, ಒಂದು ಸಾಲು ಗುನುಗಿದರೂ ಸಾಕು. ಏನೂ ಉಳಿದಿಲ್ಲ ಅಂದರೆ ಆ ಹಾಡಿಗೆ ಇನ್ನೂ ಕೆಲಸ ಬಾಕಿ ಇದೆ.

ಜೊತೆಗೆ ನಿಮ್ಮ ಸಂಗೀತವನ್ನು ಒಂದೇ ವಾಕ್ಯದಲ್ಲಿ ಹೇಳುವುದನ್ನು ರೂಢಿಸಿಕೊಳ್ಳಿ. 'ಪೋಸ್ಟ್-ರಾಕ್, ಮ್ಯಾಥ್-ರಾಕ್, ಶೂಗೇಜ್ ಎಲ್ಲ ಸೇರಿದ ಮಿಶ್ರಣ' ಅಂದರೆ ಆ ಹೆಸರುಗಳನ್ನು ಬಲ್ಲವರಿಗೆ ಮಾತ್ರ ಅರ್ಥ. 'ಪಿಸುಮಾತಿನಲ್ಲಿ ಶುರುವಾಗಿ ಗೋಡೆ ಅದುರುವ ಹಾಗೆ ಮುಗಿಯುತ್ತದೆ, ಹಾಡಿಗಿಂತ ಮಾತು ಜಾಸ್ತಿ' ಅಂದರೆ ಯಾರಿಗಾದರೂ ಚಿತ್ರ ಸಿಗುತ್ತದೆ. ಈ ವಾಕ್ಯ ಪೋಸ್ಟರ್‌ನಲ್ಲಿ, ಗಿಗ್ ಕೇಳುವ ಸಂದೇಶದಲ್ಲಿ, ಬಾಗಿಲಲ್ಲಿ ನಿಂತವರು 'ಇವತ್ತು ಏನು ಸಂಗೀತ?' ಅಂದಾಗ, ಎಲ್ಲ ಕಡೆ ಬೇಕಾಗುತ್ತದೆ.

ಬ್ಯಾಂಡ್ ಹೆಸರನ್ನು ಅಂತಿಮ ಮಾಡುವ ಮೊದಲು ಹುಡುಕಿ ನೋಡಿ. ದಿನಬಳಕೆಯ ಒಂದೇ ಪದವನ್ನು ಹೆಸರಾಗಿ ಇಟ್ಟುಕೊಂಡರೆ ಅಂತರ್ಜಾಲದಲ್ಲಿ ನೀವು ಯಾರಿಗೂ ಸಿಗುವುದಿಲ್ಲ. ಗದ್ದಲದಲ್ಲಿ ಒಮ್ಮೆ ಕೇಳಿದವರು ಬರೆದುಕೊಳ್ಳಲು ಆಗುವಂಥ ಹೆಸರು ಒಳ್ಳೆಯದು.

2. ಮೂವತ್ತು ನಿಮಿಷದ ಸೆಟ್ ಕಟ್ಟಿ

ಹೊಸ ಬ್ಯಾಂಡ್‌ಗೆ ಸಾಮಾನ್ಯವಾಗಿ 25ರಿಂದ 30 ನಿಮಿಷ ಸಿಗುತ್ತದೆ. ಜಾಸ್ತಿ ಕೊಟ್ಟರೂ ಬೇಡ ಅನ್ನಿ. ಪರಿಚಯವಿಲ್ಲದ, ಕಿವಿಗೆ ಕೆಲಸ ಕೊಡುವ ಸಂಗೀತವನ್ನು ಜನ ಅರ್ಧ ಗಂಟೆ ಖುಷಿಯಿಂದ ಕೇಳುತ್ತಾರೆ, ಮುಕ್ಕಾಲು ಗಂಟೆಗೆ ಫೋನ್ ತೆಗೆಯುತ್ತಾರೆ. 'ಇನ್ನೊಂದು ಇದ್ದಿದ್ದರೆ ಚೆನ್ನಾಗಿತ್ತು' ಅಂತ ಅನಿಸಿದಾಗ ಇಳಿದುಬಿಡಬೇಕು.

ನಾನಾದರೆ ಹೀಗೆ ಜೋಡಿಸುತ್ತೇನೆ. ಮೊದಲು ನಾಲ್ಕು ನಿಮಿಷದ, ನಿಮ್ಮ ಹತ್ತಿರ ಇರುವುದರಲ್ಲೇ ನೇರವಾದ ಹಾಡು. ಅದಕ್ಕೆ ಮುಂಚೆ 'ಕೇಳಿಸ್ತಾ ಇದೆಯಾ, ಹೇಗಿದ್ದೀರಿ' ಬೇಡ, ಸೀದಾ ನುಡಿಸಿ. ಅದು ಮುಗಿದ ಮೇಲೆ ಬ್ಯಾಂಡಿನ ಹೆಸರು ಒಮ್ಮೆ. ಆಮೇಲೆ ಆರೇಳು ನಿಮಿಷದ್ದು, ಸ್ವಲ್ಪ ತೊಡಕಿನದು. ನಿಮ್ಮ ಅತಿ ವಿಚಿತ್ರವಾದ ತುಣುಕು ನಡುವೆ ಬರಲಿ, ಅಷ್ಟು ಹೊತ್ತಿಗೆ ಜನಕ್ಕೆ ನಿಮ್ಮ ಮೇಲೆ ನಂಬಿಕೆ ಹುಟ್ಟಿರುತ್ತದೆ. ಅದರ ಬೆನ್ನಿಗೇ ಒಂದು ಚಿಕ್ಕ, ಮೆಲ್ಲನೆಯ ಹಾಡು. ಕೊನೆಗೆ ಬೆಳೆಯುತ್ತಾ ಹೋಗಿ ಪೂರ್ತಿ ಸದ್ದಿನಲ್ಲಿ ಮುಗಿಯುವಂಥದ್ದು. ಐದು ಹಾಡು, ಸಾಕು.

ಹಾಡುಗಳ ನಡುವಿನ ಖಾಲಿ ಹೊತ್ತನ್ನೂ ಅಭ್ಯಾಸ ಮಾಡಿ. ನಮ್ಮಂಥ ಬ್ಯಾಂಡ್‌ಗಳು ಸೋಲುವುದು ಇಲ್ಲಿಯೇ. ಒಬ್ಬ ತಲೆ ತಗ್ಗಿಸಿ ಟ್ಯೂನ್ ಮಾಡುತ್ತಿರುತ್ತಾನೆ, ಇನ್ನೊಬ್ಬ ಗಿಟಾರ್ ಸದ್ದು ಬದಲಿಸುವ ಪೆಡಲ್‌ಗಳ ನಡುವೆ ಮಂಡಿಯೂರಿರುತ್ತಾನೆ, ಎರಡು ನಿಮಿಷ ಕಳೆಯುತ್ತದೆ, ಕಟ್ಟಿದ್ದ ಬಿಸಿಯೆಲ್ಲ ಆರಿಹೋಗುತ್ತದೆ. ನ್ಯೂಯಾರ್ಕ್‌ನ ಸೋನಿಕ್ ಯೂತ್ ಬ್ಯಾಂಡಿನವರು ಒಂದೊಂದು ಟ್ಯೂನಿಂಗ್‌ಗೆ ಒಂದೊಂದು ಗಿಟಾರ್ ಅಂತ ರಾಶಿ ಗಿಟಾರ್ ಹೊತ್ತುಕೊಂಡು ತಿರುಗುತ್ತಿದ್ದರು. ನಮ್ಮಲ್ಲಿ ಅಷ್ಟು ಇರುವುದಿಲ್ಲ, ಅಲ್ವಾ? ಹಾಗಾಗಿ ಒಂದೇ ಟ್ಯೂನಿಂಗ್‌ನ ಹಾಡುಗಳನ್ನು ಪಕ್ಕಪಕ್ಕ ಇಡಿ. ಟ್ಯೂನಿಂಗ್ ಬದಲಿಸಲೇಬೇಕಾದ ಕಡೆ ಬೇಸ್ ಅಥವಾ ಸಿಂಥ್ (ಸಿಂಥಸೈಜರ್) ಒಂದು ಸ್ವರವನ್ನು ಎಳೆದು ಹಿಡಿದಿರಲಿ, ಡ್ರಮ್ಮರ್ ಸಿಂಬಲ್ ಮೇಲೆ ಮೆಲ್ಲಗೆ ಆಡುತ್ತಿರಲಿ. ಕೇಳುವವರಿಗೆ ಅದೂ ಸಂಗೀತದ ಭಾಗವೇ. ಟ್ಯೂನರ್ ಪೆಡಲ್ ಇಲ್ಲದೆ ವೇದಿಕೆ ಹತ್ತಲೇಬೇಡಿ.

ಪ್ರತಿ ಅಭ್ಯಾಸದ ಕೊನೆಗೆ ಇಡೀ ಸೆಟ್ಟನ್ನು ನಿಲ್ಲಿಸದೆ ಒಮ್ಮೆ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ತಂತಿ ಹರಿದರೆ ಉಳಿದವರು ಏನು ಮಾಡುತ್ತಾರೆ, ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಲೂಪ್ ಪೆಡಲ್ ಲಯ ತಪ್ಪಿದರೆ ಅದನ್ನು ಯಾರು ನಿಲ್ಲಿಸುತ್ತಾರೆ, ಇದೂ ಮೊದಲೇ ಮಾತಾಗಿರಲಿ.

ಇನ್ನೊಂದು ಮಾತು, ಕಿವಿಯ ಬಗ್ಗೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇರಬಹುದು. ಅಲ್ಲಿಂದ 3 ಡೆಸಿಬೆಲ್ ಏರಿದಾಗಲೆಲ್ಲ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಅಂದರೆ 100 ಡೆಸಿಬೆಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ಡ್ರಮ್ ಕಿಟ್ ಇರುವ ಸಣ್ಣ ಜ್ಯಾಮ್ ರೂಮ್ (ಅಭ್ಯಾಸದ ಕೋಣೆ) ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಹಾಕಿಕೊಳ್ಳಿ. ಗಿಗ್‌ನಲ್ಲಿ ಬಾಗಿಲ ಹತ್ತಿರ ಒಂದು ಡಬ್ಬಿ ತುಂಬ ಫೋಮ್ ಪ್ಲಗ್ ಇಟ್ಟರೆ ಜನ ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ, ಜೋರು ಅಂತ ಎದ್ದು ಹೋಗುವವರೂ ಕಡಿಮೆಯಾಗುತ್ತಾರೆ.

3. ಎರಡು ಮೂರು ಹಾಡು ರೆಕಾರ್ಡ್ ಮಾಡಿ, ಅಲ್ಲಿಗೆ ನಿಲ್ಲಿಸಿ

ಪೂರ್ತಿ ಆಲ್ಬಂ ಮಾಡುತ್ತೇವೆ ಅಂತ ಎರಡು ವರ್ಷ ಬಾಗಿಲು ಹಾಕಿಕೊಂಡು ಕೂತ ಬ್ಯಾಂಡ್‌ಗಳು ಎಷ್ಟೋ ಇವೆ. ಈಗ ಬೇಕಾಗಿರುವುದು ಗಿಗ್ ಕೊಡುವವರಿಗೆ ಕಳಿಸಲು ಒಂದು ಕೊಂಡಿ, ಗಿಗ್ ನೋಡಿದವರು ಮನೆಗೆ ಹೋಗಿ ಮತ್ತೆ ಕೇಳಲು ಎರಡು ಹಾಡು. ಎಲ್ಲರೂ ಒಟ್ಟಿಗೆ ನಿಂತು ನುಡಿಸಿದ ರೆಕಾರ್ಡಿಂಗ್ ಇದಕ್ಕೆ ಧಾರಾಳ. ಅಮೆರಿಕದ ಮಿನಿಟ್‌ಮೆನ್ ಬ್ಯಾಂಡ್‌ನವರು ಸ್ಟುಡಿಯೋ ಬಾಡಿಗೆ ಕಡಿಮೆ ಅಂತ ನಡುರಾತ್ರಿ ಹೋಗಿ, ಬಳಸಿದ ಟೇಪಿನ ಮೇಲೆಯೇ ರೆಕಾರ್ಡ್ ಮಾಡಿ ಬರುತ್ತಿದ್ದರು. ಅಷ್ಟು ಜಿಪುಣತನ ತಪ್ಪಲ್ಲ.

2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್‌ನಂಥ, ಸಂಗೀತ ಮಾರುವ ತಾಣದಲ್ಲಿ ಹಾಕಿದರೆ ಕೇಳುಗರು ನೇರವಾಗಿ ನಿಮ್ಮಿಂದಲೇ ಕೊಳ್ಳಬಹುದು. ಕೊಂಡವರ ಇಮೇಲ್ ಕೂಡ ಸಿಗುತ್ತದೆ, ಅದಕ್ಕೆ ಬೆಲೆ ಜಾಸ್ತಿ. ಸ್ಟ್ರೀಮಿಂಗ್ ತಾಣಗಳಿಗೆ ವಿತರಕರ ಮೂಲಕ ಕಳಿಸುವುದಾದರೆ ಬಿಡುಗಡೆಗೆ ಮೂರು ನಾಲ್ಕು ವಾರ ಮೊದಲೇ ಕಳಿಸಿ. ಹಾಡು ಬರೆದವರು ಯಾರು, ಪಾಲು ಎಷ್ಟು ಅನ್ನುವುದನ್ನು ಅಪ್‌ಲೋಡ್ ಮಾಡುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ದುಡ್ಡು ಇಲ್ಲದಿರುವಾಗಲೇ ಈ ಮಾತು ಸಲೀಸಾಗಿ ಮುಗಿಯುತ್ತದೆ.

4. ನಿಮ್ಮ ಕೇಳುಗರು ಎಲ್ಲಿ ಕೂತಿದ್ದಾರೆ ಅಂತ ಹುಡುಕಿ

ಪ್ರಯೋಗಶೀಲ ರಾಕ್ ಬ್ಯಾಂಡ್‌ಗೆ ಕೇಳುಗರು ರಾಕ್ ಕೇಳುವವರಲ್ಲೇ ಸಿಗಬೇಕು ಅಂತೇನಿಲ್ಲ. ವಾರಾಂತ್ಯದಲ್ಲಿ ಕುಣಿಯಲು ಬಂದವರ ಮುಂದೆ ಹನ್ನೊಂದು ನಿಮಿಷದ ಡ್ರೋನ್, ಅಂದರೆ ಒಂದೇ ಸ್ವರವನ್ನು ಎಳೆದು ಹಿಡಿಯುವ ಸಂಗೀತ, ನುಡಿಸಿದರೆ ಇಬ್ಬರಿಗೂ ಬೇಜಾರು. ಊರಿನಲ್ಲಿ ಹೊಸದನ್ನು ತಾಳ್ಮೆಯಿಂದ ನೋಡುವ ಅಭ್ಯಾಸ ಯಾರಿಗಿದೆ? ನಾಟಕದವರಿಗೆ, ಚಿತ್ರಕಲಾ ವಿದ್ಯಾರ್ಥಿಗಳಿಗೆ, ಫಿಲ್ಮ್ ಸೊಸೈಟಿಗೆ ಬರುವವರಿಗೆ, ಕವಿತೆ ಓದುವ ಗುಂಪುಗಳಿಗೆ, ಸಮಕಾಲೀನ ನೃತ್ಯ ಮಾಡುವವರಿಗೆ. ಅಂಥ ಕಡೆ ಬ್ಯಾಂಡಿನವರು ಕಾಣಿಸಿಕೊಳ್ಳಬೇಕು. ಕೈಯಲ್ಲಿ ಪೋಸ್ಟರ್ ಹಿಡಿದುಕೊಂಡಲ್ಲ, ನೋಡುಗರಾಗಿ.

ಇದು ಹಿಂದೆಯೂ ಹೀಗೇ ನಡೆದಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಒಂದು ವಿಶ್ವವಿದ್ಯಾಲಯದ ಊರು. ಬಿ-52ಸ್ ಬ್ಯಾಂಡ್ 1977ರ ಫೆಬ್ರವರಿ 14ರಂದು ಅಲ್ಲಿ ಸ್ನೇಹಿತರ ಮನೆಯ ಪಾರ್ಟಿಯಲ್ಲಿ ಮೊದಲ ಸಲ ನುಡಿಸಿತು. ಆರ್‌ಇಎಂ ಬ್ಯಾಂಡ್ 1980ರ ಏಪ್ರಿಲ್ 5ರಂದು ಅದೇ ಊರಿನ ಹಳೆಯ ಚರ್ಚ್ ಕಟ್ಟಡದಲ್ಲಿ, ಗೆಳತಿಯ ಹುಟ್ಟುಹಬ್ಬಕ್ಕೆ. ಎರಡೂ ಕಡೆ ಸೇರಿದ್ದವರು ಪರಿಚಯದವರು, ಪರಿಚಯದವರ ಪರಿಚಯದವರು. ಮುಂದೆ ದೊಡ್ಡದಾದ ಆ ಊರಿನ ಸಂಗೀತಲೋಕ ಶುರುವಾದದ್ದು ಇಂಥ ಕೂಟಗಳಿಂದ.

ಹಾಗಾಗಿ ಗಿಗ್ ಕೇಳುವ ಮೊದಲು ಎರಡು ಮೂರು ತಿಂಗಳು ಬೇರೆಯವರ ಗಿಗ್‌ಗಳಿಗೆ ಹೋಗಿ. ಟಿಕೆಟ್ ಕೊಂಡು ಹೋಗಿ, ಕೊನೆಯ ಬ್ಯಾಂಡ್ ಮುಗಿಯುವವರೆಗೂ ಇರಿ. ಆ ಜಾಗದಲ್ಲಿ ಎಷ್ಟು ಜನ ಹಿಡಿಯುತ್ತಾರೆ, ಸೌಂಡ್ ಸಿಸ್ಟಮ್ ಯಾರದು, ಡ್ರಮ್ ಕಿಟ್ ಅಲ್ಲೇ ಇದೆಯಾ, ಪಕ್ಕದ ಮನೆಯವರ ತಕರಾರು ಇದೆಯಾ, ಎಷ್ಟು ಹೊತ್ತಿಗೆ ಸದ್ದು ನಿಲ್ಲಿಸಬೇಕು ಅನ್ನುವುದನ್ನೆಲ್ಲ ಗಮನಿಸಿ ಬರೆದಿಟ್ಟುಕೊಳ್ಳಿ. ಗ್ಯಾಲರಿ, ಪುಸ್ತಕದ ಅಂಗಡಿ, ನಾಟಕದ ತಾಲೀಮು ನಡೆಯುವ ಹಾಲ್, ಯಾರದೋ ದೊಡ್ಡ ಮನೆ, ಎಲ್ಲವೂ ಈ ಪಟ್ಟಿಗೆ ಬರಲಿ. ನಲವತ್ತು ಜನ ಹಿಡಿಯುವ ಕೋಣೆಗೆ ಮೂವತ್ತೈದು ಜನ ಬಂದರೆ ಅದು ತುಂಬಿದ ಗಿಗ್. ಅದೇ ಮೂವತ್ತೈದು ಜನ ಮುನ್ನೂರು ಜನದ ಹಾಲ್‌ನಲ್ಲಿ ನಿಂತರೆ ಎಲ್ಲರೂ ಗೋಡೆಗೆ ಒರಗುತ್ತಾರೆ. ಯಾವಾಗಲೂ ಚಿಕ್ಕ ಕೋಣೆಯನ್ನೇ ಆರಿಸಿ.

5. ಗಿಗ್ ಕೇಳುವುದು

ನ್ಯೂಯಾರ್ಕ್‌ನಲ್ಲಿ ಹಿಲಿ ಕ್ರಿಸ್ಟಲ್ 1973ರ ಡಿಸೆಂಬರ್‌ನಲ್ಲಿ ಸಿಬಿಜಿಬಿ ಅನ್ನುವ ಕ್ಲಬ್ ತೆರೆದಾಗ ಅದು ರಾಕ್‌ಗಾಗಿ ಅಲ್ಲ. ಆ ಹೆಸರಿನ ಅಕ್ಷರಗಳು ಕಂಟ್ರಿ, ಬ್ಲೂಗ್ರಾಸ್ ಮತ್ತು ಬ್ಲೂಸ್ ಸಂಗೀತದ್ದು. ಟೆಲಿವಿಷನ್ ಅನ್ನುವ ಬ್ಯಾಂಡಿನವರು ಕೇಳಿಕೊಂಡಾಗ ಕ್ರಿಸ್ಟಲ್ ಅವರಿಗೆ ಭಾನುವಾರದ ರಾತ್ರಿ ಕೊಟ್ಟರು. 1974ರ ಮಾರ್ಚ್ ಕೊನೆಯ ಭಾನುವಾರ ಅವರು ಅಲ್ಲಿ ನುಡಿಸಿದರು, ಮತ್ತೆ ಮತ್ತೆ ನುಡಿಸಿದರು, ಬೇರೆ ಬ್ಯಾಂಡ್‌ಗಳೂ ಬಂದವು. ಸ್ವಂತ ಹಾಡನ್ನೇ ನುಡಿಸಬೇಕು ಅನ್ನುವುದು ಆ ಜಾಗದ ನಿಯಮವಾಯಿತು.

ಇದರಿಂದ ನಮಗೆ ಬೇಕಾದ್ದು ಇಷ್ಟು: ಶುಕ್ರವಾರ, ಶನಿವಾರ ಕೇಳಬೇಡಿ. ಯಾವ ದಿನ ಜಾಗ ಖಾಲಿ ಹೊಡೆಯುತ್ತದೋ ಆ ದಿನ ಕೇಳಿ. ಖಾಲಿ ದಿನಕ್ಕೆ ಇಪ್ಪತ್ತು ಜನ ಬಂದರೂ ಜಾಗದವರಿಗೆ ಲಾಭವೇ, ನಿಮಗೂ ಒತ್ತಡ ಕಡಿಮೆ.

ಕೇಳುವ ಸಂದೇಶ ಚಿಕ್ಕದಾಗಿರಲಿ. ಉದಾಹರಣೆಗೆ ಹೀಗೆ:

'ನಮಸ್ಕಾರ. ನಾವು ನಾಲ್ಕು ಜನರ ಬ್ಯಾಂಡ್, ಇದೇ ಊರಿನವರು. ಪಿಸುಮಾತಿನಲ್ಲಿ ಶುರುವಾಗಿ ಗೋಡೆ ಅದುರುವ ಹಾಗೆ ಮುಗಿಯುವ ಸ್ವಂತ ಸಂಗೀತ, 30 ನಿಮಿಷದ ಸೆಟ್. ಕಳೆದ ತಿಂಗಳು ನಿಮ್ಮಲ್ಲಿ ನಡೆದ ಕಾರ್ಯಕ್ರಮ ನೋಡಿದೆವು. ಬರುವ ತಿಂಗಳ ಯಾವುದಾದರೂ ಮಂಗಳವಾರ ಅಥವಾ ಬುಧವಾರ ಇನ್ನೆರಡು ಬ್ಯಾಂಡ್ ಜೊತೆ ಒಂದು ಸಂಜೆ ಮಾಡಬಹುದೇ? ಒಂದು ಹಾಡು ಮತ್ತು ಎರಡು ನಿಮಿಷದ ಲೈವ್ ವಿಡಿಯೋ ಇಲ್ಲಿದೆ. ಪೋಸ್ಟರ್, ಬಾಗಿಲು, ಡ್ರಮ್ ಕಿಟ್ ನಮ್ಮ ಜವಾಬ್ದಾರಿ.'

ಇಷ್ಟೇ. ಬ್ಯಾಂಡಿನ ಹುಟ್ಟು, ಪ್ರಭಾವಗಳು, ತತ್ವ ಇವೆಲ್ಲ ಬೇಡ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಒಪ್ಪಿಕೊಂಡರೆ ಇವನ್ನು ಬರವಣಿಗೆಯಲ್ಲಿ ಪಡೆಯಿರಿ: ಎಷ್ಟು ಹೊತ್ತಿಗೆ ಸಾಮಾನು ಇಳಿಸಬೇಕು, ಸೌಂಡ್ ಚೆಕ್ ಯಾವಾಗ, ಸೆಟ್ ಎಷ್ಟು ಹೊತ್ತು, ದುಡ್ಡಿನ ಲೆಕ್ಕ ಹೇಗೆ. ದುಡ್ಡು ಸಾಮಾನ್ಯವಾಗಿ ಮೂರು ತರ. ನಿಗದಿ ಮೊತ್ತ, ಬಾಗಿಲಲ್ಲಿ ಬಂದ ದುಡ್ಡಿನಲ್ಲಿ ಪಾಲು, ಅಥವಾ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು. ಮೂರನೆಯದಕ್ಕೆ ಒಪ್ಪುವುದಾದರೆ 'ಖರ್ಚು' ಅಂದರೆ ಏನೇನು ಅಂತ ಮೊದಲೇ ಕೇಳಿ, ಆ ಪಟ್ಟಿ ರಾತ್ರೋರಾತ್ರಿ ಉದ್ದವಾಗುವುದುಂಟು. ನುಡಿಸಲು ಬ್ಯಾಂಡೇ ದುಡ್ಡು ಕೊಡಬೇಕು ಅಥವಾ ಇಂತಿಷ್ಟು ಟಿಕೆಟ್ ಮಾರಲೇಬೇಕು ಅನ್ನುವ ಕಡೆ ಹೋಗಬೇಡಿ. ಅಂಥವರಿಗೆ ಬೇಕಿರುವುದು ನಿಮ್ಮ ಸ್ನೇಹಿತರ ಜೇಬು. ಬ್ಯಾಂಡ್ ಸ್ಪರ್ಧೆಗಳ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಹತ್ತು ಬ್ಯಾಂಡ್, ಹತ್ತು ಸ್ನೇಹಿತರ ಗುಂಪು, ತಮ್ಮವರದ್ದು ಮುಗಿದ ಕೂಡಲೇ ಎಲ್ಲರೂ ಹೊರಗೆ.

ನಿಮ್ಮ ಸಂಗೀತ ಕೆಲವು ಜಾಗಗಳಿಗೆ ಸರಿಹೋಗುವುದಿಲ್ಲ, ಅದೂ ಸಹಜ. 1965ರ ಡಿಸೆಂಬರ್‌ನಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡ್‌ಗೆ ನ್ಯೂಯಾರ್ಕ್‌ನ ಕೆಫೆ ಬಿಜಾರ್‌ನಲ್ಲಿ ಒಂದು ಹಾಡನ್ನು ಮತ್ತೆ ನುಡಿಸಿದರೆ ಕೆಲಸದಿಂದ ತೆಗೆಯುತ್ತೇವೆ ಅಂದರು. ಅವರು ನುಡಿಸಿದರು, ಕೆಲಸ ಹೋಯಿತು. ಆದರೆ ಅಷ್ಟರೊಳಗೆ ಕಲಾವಿದ ಆಂಡಿ ವಾರ್ಹಾಲ್ ಅಲ್ಲೇ ಅವರನ್ನು ನೋಡಿ ಆಗಿತ್ತು.

6. ಜೊತೆಗೆ ಯಾರು, ಎಷ್ಟು ದಿನಕ್ಕೊಮ್ಮೆ

ಒಂದು ಸಂಜೆಗೆ ಮೂರು ಬ್ಯಾಂಡ್ ಸಾಕು. ನಾಲ್ಕಾದರೆ ತಡವಾಗುತ್ತದೆ, ಕೊನೆಯವರಿಗೆ ಖಾಲಿ ಕೋಣೆ ಉಳಿಯುತ್ತದೆ. ಮೂವರೂ ಒಂದೇ ತರ ಇರುವುದು ಬೇಡ. ಒಬ್ಬರೇ ಕೂತು ನುಡಿಸುವ ಎಲೆಕ್ಟ್ರಾನಿಕ್ ಕಲಾವಿದೆ, ನೀವು, ಒಂದು ಜೋರಾದ ಬ್ಯಾಂಡ್: ಹೀಗಿದ್ದರೆ ಮೂರು ಬೇರೆ ಬೇರೆ ಗುಂಪಿನ ಜನ ಬರುತ್ತಾರೆ. ನಡುವಿನ ಜಾಗ ಕೇಳಿ ಪಡೆಯಿರಿ. ಕೋಣೆ ಆಗಲೇ ತುಂಬಿರುತ್ತದೆ.

ಡ್ರಮ್ ಕಿಟ್, ಬೇಸ್ ಆ್ಯಂಪ್ ಒಂದೇ ಇಟ್ಟುಕೊಂಡು ಹಂಚಿಕೊಳ್ಳಿ. ಸ್ನೇರ್, ಸಿಂಬಲ್, ಕಿಕ್ ಪೆಡಲ್ ಮಾತ್ರ ಅವರವರದ್ದು. ಬ್ಯಾಂಡ್ ಬದಲಾಗುವ ಹೊತ್ತು ಅರ್ಧ ಗಂಟೆಯಿಂದ ಹದಿನೈದು ನಿಮಿಷಕ್ಕೆ ಇಳಿಯುತ್ತದೆ.

ಒಂದೇ ಊರಿನಲ್ಲಿ ಪ್ರತಿ ವಾರ ನುಡಿಸಿದರೆ 'ಮುಂದಿನ ಸಲ ಹೋದರಾಯಿತು' ಅನ್ನುವ ಭಾವನೆ ಬರುತ್ತದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಆರರಿಂದ ಎಂಟು ವಾರಕ್ಕೊಂದು ಗಿಗ್, ಪ್ರತಿ ಸಲ ಒಂದಾದರೂ ಹೊಸ ಹಾಡು ಅಥವಾ ಹಳೆಯದರ ಬೇರೆ ರೂಪ. ಎರಡನೇ ಸಲ ಬಂದವರು 'ಇದು ಹೋದ ಸಲ ಇರಲಿಲ್ಲ' ಅನ್ನಬೇಕು.

7. ಗಿಗ್ ದಿನ

ಎರಡು ದಿನ ಮೊದಲು ಸೌಂಡ್ ಎಂಜಿನಿಯರ್‌ಗೆ ಒಂದು ಹಾಳೆ ಕಳಿಸಿ. ಮೇಲಿನ ಅರ್ಧದಲ್ಲಿ ವೇದಿಕೆಯ ನಕ್ಷೆ: ಯಾರು ಎಲ್ಲಿ ನಿಲ್ಲುತ್ತಾರೆ, ಯಾರಿಗೆ ಪ್ಲಗ್ ಪಾಯಿಂಟ್ ಎಲ್ಲಿ ಬೇಕು. ಕೆಳಗೆ ಇನ್‌ಪುಟ್ ಪಟ್ಟಿ. ಕಿಕ್, ಸ್ನೇರ್, ಬೇಸ್ ಡಿಐ (ಮೈಕ್ ಇಲ್ಲದೆ ನೇರವಾಗಿ ಮಿಕ್ಸರ್‌ಗೆ), ಗಿಟಾರ್ ಆ್ಯಂಪ್ ಎಡ, ಗಿಟಾರ್ ಆ್ಯಂಪ್ ಬಲ, ಸಿಂಥ್ ಸ್ಟೀರಿಯೋ, ಎರಡು ಹಾಡುವ ಮೈಕ್. ಪಟ್ಟಿಯ ಕೊನೆಗೆ ಎರಡು ಸಾಲು: 'ಮೂರನೇ ಹಾಡಿನಲ್ಲಿ ಎರಡು ನಿಮಿಷ ಬೇಕಂತಲೇ ಫೀಡ್‌ಬ್ಯಾಕ್ ಇದೆ, ದಯವಿಟ್ಟು ಇಳಿಸಬೇಡಿ. ನಾಲ್ಕನೆಯದು ತುಂಬ ಮೆಲ್ಲಗೆ, ಏರಿಸಬೇಡಿ.' ಫೀಡ್‌ಬ್ಯಾಕ್ ಅಂದರೆ ಸ್ಪೀಕರಿನ ಸದ್ದು ಮತ್ತೆ ಮೈಕ್ ಅಥವಾ ಗಿಟಾರ್ ಸೇರಿ ಹುಟ್ಟುವ ಕೂಗು. ಈ ಎರಡು ಸಾಲು ಇಲ್ಲದಿದ್ದರೆ ಪಾಪ ಎಂಜಿನಿಯರ್ ತನ್ನ ಕೆಲಸ ತಾನು ಮಾಡುತ್ತಾರೆ, ನಿಮ್ಮ ಪ್ರಯೋಗ ಮಿಕ್ಸರ್‌ನಲ್ಲೇ ಸಾಯುತ್ತದೆ.

ಸಿಂಥ್, ಲ್ಯಾಪ್‌ಟಾಪ್, ಸ್ಯಾಂಪ್ಲರ್ ಇದ್ದರೆ ಸ್ವಂತ ಡಿಐ ಬಾಕ್ಸ್ ತನ್ನಿ. ಅದು ಸಿಗ್ನಲ್ ಅನ್ನು ಬ್ಯಾಲೆನ್ಸ್ಡ್ ಮಾಡಿ ಉದ್ದ ಕೇಬಲ್‌ನಲ್ಲಿ ಸದ್ದು ಕೆಡದಂತೆ ಮಿಕ್ಸರ್‌ಗೆ ಮುಟ್ಟಿಸುತ್ತದೆ. ಗುಂಯ್ ಅನ್ನುವ ಹಮ್ ಬಂದರೆ ಅದರ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ. ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ, ಜೀವಕ್ಕೆ ಅಪಾಯ. ಬೇಡದ ಫೀಡ್‌ಬ್ಯಾಕ್ ಬಂದರೆ ಮೊದಲು ಮೈಕ್ ಮತ್ತು ಮಾನಿಟರ್ (ನುಡಿಸುವವರ ಕಡೆ ತಿರುಗಿಸಿದ ಸ್ಪೀಕರ್) ಎಲ್ಲಿವೆ ನೋಡಿ. ಸಾಮಾನ್ಯ ಕಾರ್ಡಿಯಾಯ್ಡ್ ಮೈಕ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವಂಥದ್ದು) ತನ್ನ ಬೆನ್ನ ಹಿಂದಿನ ಸದ್ದನ್ನು ಎಲ್ಲಕ್ಕಿಂತ ಕಡಿಮೆ ಹಿಡಿಯುತ್ತದೆ. ಮಾನಿಟರ್ ಅಲ್ಲೇ ಇರಬೇಕು. ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿಕೊಂಡು ಹಾಡುವ ಶೋಕಿ ಇದ್ದರೆ ಬಿಡಿ, ಫೀಡ್‌ಬ್ಯಾಕ್ ಹೆಚ್ಚುವುದೇ ಅದರಿಂದ.

ಚಿಕ್ಕ ಕೋಣೆಯಲ್ಲಿ ಗಿಟಾರ್ ಆ್ಯಂಪ್ ಜೋರಾದರೆ ಹಾಡುಗಾರಿಕೆ ಮುಳುಗುತ್ತದೆ. ಎಂಜಿನಿಯರ್ ಆ್ಯಂಪ್ ಇಳಿಸಿ ಅಂದರೆ ಇಳಿಸಿ. ಬಂದ ಕೂಡಲೇ ಅವರ ಹೆಸರು ಕೇಳಿ, ಹೋಗುವಾಗ ವೇದಿಕೆಯಿಂದ ಆ ಹೆಸರು ಹೇಳಿ. ಮುಂದಿನ ಸಲ ಬೇರೆ ಜಾಗದಲ್ಲಿಯೂ ಅವರೇ ಸಿಗಬಹುದು.

ಇನ್ನು ಬಾಗಿಲು. ಅಲ್ಲಿ ಒಂದು ಮೇಜು, ಲ್ಯಾಂಪ್, ಚಿಲ್ಲರೆ, ಒಂದು ನೋಟ್‌ಬುಕ್. ಕೂರುವವರು ಬ್ಯಾಂಡಿನ ಗೆಳೆಯರಲ್ಲೇ ಮಾತುಗಾರರಾಗಿರಲಿ. ಬಂದವರನ್ನು 'ಯಾರಿಂದ ಗೊತ್ತಾಯ್ತು?' ಅಂತ ಕೇಳಿ ಒಂದು ಗೆರೆ ಹಾಕಿಕೊಳ್ಳಲಿ. ಪೋಸ್ಟರ್, ಇನ್‌ಸ್ಟಾಗ್ರಾಂ, ಸ್ನೇಹಿತರು, ಹೋದ ಸಲ ಬಂದಿದ್ದೆ. ಆ ಕೊನೆಯ ಕಾಲಮ್ಮಿನ ಗೆರೆಗಳೇ ಮೊದಲು ಹೇಳಿದ ಲೆಕ್ಕ. ಪಕ್ಕದಲ್ಲಿ ಹೆಸರು ಮತ್ತು ಇಮೇಲ್ ಬರೆಯಲು ಇನ್ನೊಂದು ಪುಟ, ಇಷ್ಟ ಇದ್ದವರಿಗೆ ಮಾತ್ರ.

ಹೇಳಿದ ಹೊತ್ತಿಗೆ ಶುರು ಮಾಡಿ. ಬೇರೆ ಬ್ಯಾಂಡ್ ನುಡಿಸುವಾಗ ಮುಂದೆ ನಿಂತು ಕೇಳಿ. ನಿಮ್ಮ ಸೆಟ್ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಗುಂಪುಕಟ್ಟಿಕೊಂಡು ಕೂರಬೇಡಿ, ಹತ್ತು ನಿಮಿಷದಲ್ಲಿ ಜನರ ನಡುವೆ ಇರಿ. ವಿಚಿತ್ರ ಸಂಗೀತ ಕೇಳಿದವರಿಗೆ ಏನೋ ಕೇಳಬೇಕು ಅನಿಸಿರುತ್ತದೆ, ಸಂಕೋಚ ಅಷ್ಟೇ. 'ಆ ಸದ್ದು ಹೇಗೆ ಬಂತು?' ಅಂದವರನ್ನು ಕರೆದುಕೊಂಡು ಹೋಗಿ ಪೆಡಲ್ ತೋರಿಸಿ. ಅವರು ಇನ್ನೊಂದು ಸಲ ಬರುವುದು ಹೆಚ್ಚುಕಡಿಮೆ ಖಚಿತ.

ವಾಷಿಂಗ್ಟನ್ ಡಿಸಿಯ ಫುಗಾಜಿ ಬ್ಯಾಂಡ್ ಟಿಕೆಟ್ ದರವನ್ನು ಬಹಳ ವರ್ಷ ಸುಮಾರು 5 ಡಾಲರ್‌ಗೇ ನಿಲ್ಲಿಸಿತ್ತು, ಎಲ್ಲ ವಯಸ್ಸಿನವರಿಗೂ ಪ್ರವೇಶ ಇರಬೇಕು ಅಂತ ಪಟ್ಟು ಹಿಡಿಯುತ್ತಿತ್ತು. ಮುಂದೆ ನಿಂತು ಬೇರೆಯವರಿಗೆ ಗುದ್ದುತ್ತಿದ್ದವರಿಗೆ ದುಡ್ಡು ವಾಪಸ್ ಕೊಟ್ಟು ಹೊರಗೆ ಕಳಿಸಿದ್ದೂ ಉಂಟು. ಹೆಂಗಸರು, ಚಿಕ್ಕವರು, ಒಬ್ಬರೇ ಬಂದವರು ಆರಾಮಾಗಿ ನಿಲ್ಲಲು ಆಗದ ಕೋಣೆಗೆ ಎರಡನೇ ಸಲ ಯಾರು ಬರುತ್ತಾರೆ ಹೇಳಿ?

8. ಮರುದಿನ

ಇಮೇಲ್ ಕೊಟ್ಟವರಿಗೆ ಮರುದಿನವೇ ನಾಲ್ಕು ಸಾಲು ಬರೆಯಿರಿ. ಬಂದಿದ್ದಕ್ಕೆ ಥ್ಯಾಂಕ್ಸ್, ನಿನ್ನೆಯ ಒಂದು ಹಾಡಿನ ಲೈವ್ ರೆಕಾರ್ಡಿಂಗ್, ಉಳಿದ ಎರಡು ಬ್ಯಾಂಡ್‌ಗಳ ಕೊಂಡಿ, ಮುಂದಿನ ದಿನಾಂಕ. ಮುಂದಿನ ದಿನಾಂಕ ಮೊದಲೇ ಗೊತ್ತಿರಬೇಕು. ಅದಿಲ್ಲದೆ ಗಿಗ್ ನುಡಿಸುವುದು ಅಷ್ಟು ಒಳ್ಳೆಯದಲ್ಲ, ಯಾಕೆಂದರೆ ಜನರ ಉತ್ಸಾಹ ಒಂದು ವಾರದ ಮೇಲೆ ಉಳಿಯುವುದಿಲ್ಲ.

ಸಾಮಾಜಿಕ ಜಾಲತಾಣದಲ್ಲಿ ನೀವು ಹಾಕಿದ್ದು ಯಾರಿಗೆ ಕಾಣಬೇಕು ಅಂತ ನಿರ್ಧರಿಸುವುದು ಆ ಕಂಪನಿ. ಇಮೇಲ್ ಪಟ್ಟಿ ನಿಮ್ಮದೇ. ಅರವತ್ತು ಜನರ ಪಟ್ಟಿ ಕೂಡ ಒಂದು ಚಿಕ್ಕ ಕೋಣೆ ತುಂಬಿಸಬಲ್ಲದು. ಹಾಗಂತ ವಾರಕ್ಕೆ ಮೂರು ಸಲ ಬರೆಯಬೇಡಿ, ಗಿಗ್‌ಗೆ ಹದಿನೈದು ದಿನ ಮೊದಲು ಒಮ್ಮೆ, ಹಿಂದಿನ ದಿನ ಒಮ್ಮೆ. ಪೋಸ್ಟರ್ ಈಗಲೂ ಕೆಲಸ ಮಾಡುತ್ತದೆ. ಅನುಮತಿ ಇರುವ ಕಡೆ ಅಂಟಿಸಿ. ದಿನಾಂಕ, ಜಾಗ, ಹೊತ್ತು ರಸ್ತೆಯ ಆಚೆಯಿಂದಲೂ ಓದುವಂತಿರಲಿ. ನಮ್ಮಂಥ ಬ್ಯಾಂಡ್‌ಗಳ ಪೋಸ್ಟರ್ ನೋಡಲು ಸೊಗಸಾಗಿರುತ್ತವೆ, ಏನು ಬರೆದಿದೆ ಅಂತ ಮಾತ್ರ ಗೊತ್ತಾಗುವುದಿಲ್ಲ.

9. ನಿಮ್ಮದೇ ಒಂದು ಸಂಜೆ ಶುರು ಮಾಡಿ

ನಾಲ್ಕೈದು ಗಿಗ್ ಆದ ಮೇಲೆ ಇದಕ್ಕೆ ಕೈ ಹಾಕಿ. ಎರಡು ತಿಂಗಳಿಗೊಮ್ಮೆ, ಒಂದೇ ಜಾಗ, ವಾರದ ಒಂದೇ ದಿನ, ಒಂದೇ ಹೆಸರು. ಪ್ರತಿ ಸಲ ನೀವೇ ನುಡಿಸಬೇಕಿಲ್ಲ. ಎರಡು ಸಲಕ್ಕೊಮ್ಮೆ ನುಡಿಸಿ, ಉಳಿದಂತೆ ಬೇರೆಯವರನ್ನು ಕರೆಯಿರಿ. ಊರಿನಲ್ಲಿ ನಿಮ್ಮ ತರದ ಸಂಗೀತಕ್ಕೆ ಜಾಗ ಇಲ್ಲ ಅಂತ ದೂರುತ್ತಿದ್ದವರೆಲ್ಲ ಆ ಸಂಜೆಗೆ ಬರುತ್ತಾರೆ. ಜನ ಬ್ಯಾಂಡಿಗಿಂತ ಬೇಗ ಒಂದು ಸಂಜೆಗೆ ಒಗ್ಗಿಕೊಳ್ಳುತ್ತಾರೆ. ಯಾರು ನುಡಿಸುತ್ತಾರೆ ಅಂತ ಗೊತ್ತಿಲ್ಲದಿದ್ದರೂ 'ಅಲ್ಲಿ ಏನಾದರೂ ಹೊಸದು ಇರುತ್ತದೆ' ಅಂತ ಬರುವವರು ನಿಮ್ಮಂಥ ಬ್ಯಾಂಡ್‌ಗೆ ಸಿಗಬಹುದಾದ ಅತ್ಯುತ್ತಮ ಕೇಳುಗರು.

1981ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ವೈಟ್ ಕಾಲಮ್ಸ್ ಅನ್ನುವ ಕಲಾ ಗ್ಯಾಲರಿಯಲ್ಲಿ ಥರ್ಸ್ಟನ್ ಮೂರ್ ಒಂಬತ್ತು ದಿನದ ನಾಯ್ಸ್ ಫೆಸ್ಟ್ ಏರ್ಪಡಿಸಿದರು. ಅವರ ಸೋನಿಕ್ ಯೂತ್ ಬ್ಯಾಂಡ್ ಆಗ ತಾನೇ ಕಣ್ಣು ಬಿಡುತ್ತಿತ್ತು, ಅದೂ ಅಲ್ಲಿ ನುಡಿಸಿತು. ಹೆಸರಿಲ್ಲದ ಬ್ಯಾಂಡ್‌ಗೆ ಯಾರಾದರೂ ಕರೆಯಲಿ ಅಂತ ಕಾಯುವುದಕ್ಕಿಂತ ಈ ದಾರಿ ಚುರುಕು.

ಮನೆಯಲ್ಲಿ ಮಾಡುವುದಾದರೆ ಅಕ್ಕಪಕ್ಕದವರಿಗೆ ಒಂದು ವಾರ ಮೊದಲೇ ಹೋಗಿ ಹೇಳಿ, ಫೋನ್ ನಂಬರ್ ಕೊಡಿ, ಹೇಳಿದ ಹೊತ್ತಿಗೆ ನಿಲ್ಲಿಸಿ. ಹೊರಗೆ ಹೋಗುವ ದಾರಿಗೆ ಆ್ಯಂಪ್ ಅಡ್ಡ ಇಡಬೇಡಿ. ಎಲ್ಲ ಪ್ಲಗ್‌ಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಚುಚ್ಚಬೇಡಿ.

10. ದುಡ್ಡು, ಸಾಮಾನು

ಗಿಗ್‌ನಿಂದ ಬಂದದ್ದನ್ನು ಮೊದಲ ವರ್ಷ ಹಂಚಿಕೊಳ್ಳಬೇಡಿ, ಬ್ಯಾಂಡಿನ ಡಬ್ಬಿಗೆ ಹಾಕಿ. ಜ್ಯಾಮ್ ರೂಮ್ ಬಾಡಿಗೆ, ತಂತಿ, ಪೋಸ್ಟರ್ ಎಲ್ಲ ಅದರಿಂದಲೇ. ಮಾರಲು ಏನಾದರೂ ಇರಲಿ, ಚಿಕ್ಕದಾದರೂ ಸರಿ: ಕೈಯಲ್ಲಿ ಅಚ್ಚು ಹಾಕಿದ ಟೀ ಶರ್ಟ್, ಕ್ಯಾಸೆಟ್, ಡೌನ್‌ಲೋಡ್ ಕೋಡ್ ಇರುವ ಚಿತ್ರದ ಕಾರ್ಡ್. ಮೊದಲು ಮೂವತ್ತರ ಮೇಲೆ ಮಾಡಿಸಬೇಡಿ. ಮಂಚದ ಕೆಳಗೆ ಟೀ ಶರ್ಟ್ ಪೆಟ್ಟಿಗೆ ಇರುವ ಬ್ಯಾಂಡ್‌ಗಳು ಬೇಕಾದಷ್ಟಿವೆ.

ಪ್ರತಿ ವಾದ್ಯದ, ಪೆಡಲ್‌ನ ಫೋಟೋ ಮತ್ತು ಸೀರಿಯಲ್ ನಂಬರ್ ಒಂದು ಕಡೆ ಬರೆದಿಡಿ. 1999ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೋನಿಕ್ ಯೂತ್‌ನವರ ಸಾಮಾನು ತುಂಬಿದ ಟ್ರಕ್ಕನ್ನೇ ಕದ್ದೊಯ್ದರು. ವರ್ಷಗಟ್ಟಲೆ ತಿದ್ದಿ ತೀಡಿ, ಅವರ ಹಾಡುಗಳಿಗೆಂದೇ ಒಗ್ಗಿಸಿದ್ದ ಗಿಟಾರ್‌ಗಳು ಹೋದವು. ಕೆಲವು ಎಷ್ಟೋ ವರ್ಷದ ಮೇಲೆ ವಾಪಸ್ ಸಿಕ್ಕವು. ಗಿಗ್ ಮುಗಿದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ವಾದ್ಯಗಳನ್ನು ಗಾಡಿಯಲ್ಲಿ ಬಿಟ್ಟು ಮಲಗಬೇಡಿ.

11. ಪಕ್ಕದ ಊರಿಗೆ ಯಾವಾಗ?

ನೋಟ್‌ಬುಕ್ಕಿನ ಆ ಕೊನೆಯ ಕಾಲಮ್ ನೋಡಿ. ಬಂದವರಲ್ಲಿ ಮೂರನೇ ಒಂದು ಭಾಗ 'ಹೋದ ಸಲ ಬಂದಿದ್ದೆ' ಅನ್ನುವವರಾದರೆ, ಮತ್ತು ಮೂರು ಗಿಗ್‌ನಲ್ಲಿ ಸತತವಾಗಿ ಹಾಗೇ ಇದ್ದರೆ, ಹೊರಗೆ ಕಾಲಿಡಬಹುದು. ಇದು ನನ್ನ ಅಂದಾಜಿನ ಲೆಕ್ಕ, ನಿಮ್ಮ ಊರಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಹೊಸ ಊರಿಗೆ ಸುಮ್ನೆ ಹೋಗಿ ನುಡಿಸಿದರೆ ಮತ್ತೆ ಡ್ರಮ್ಮರ್‌ನ ತಮ್ಮನೇ ಗತಿ, ಅವನೂ ಅಷ್ಟು ದೂರ ಬರುವುದಿಲ್ಲ. ಅದರ ಬದಲು ಅಲ್ಲಿನ ನಿಮ್ಮ ತರದ ಒಂದು ಬ್ಯಾಂಡ್‌ಗೆ ನಿಮ್ಮ ಸಂಜೆಯಲ್ಲಿ ಜಾಗ ಕೊಡಿ. ಅವರು ಬಂದಾಗ ನಿಮ್ಮ ಜನ ಅವರನ್ನು ಕೇಳುತ್ತಾರೆ, ನೀವು ಹೋದಾಗ ಅವರ ಜನ ನಿಮ್ಮನ್ನು ಕೇಳುತ್ತಾರೆ. ಹೊರಡುವ ಮೊದಲು ನಾಲ್ಕು ವಿಷಯ ಅವರ ಹತ್ತಿರ ಖಚಿತ ಮಾಡಿಕೊಳ್ಳಿ: ಯಾವ ಸಾಮಾನು ಅಲ್ಲಿದೆ, ರಾತ್ರಿ ಎಲ್ಲಿ ಮಲಗುವುದು, ಗಾಡಿ ಎಲ್ಲಿ ನಿಲ್ಲಿಸುವುದು, ಬಾಗಿಲ ದುಡ್ಡಿನಲ್ಲಿ ಪ್ರಯಾಣದ ಖರ್ಚನ್ನು ಮೊದಲು ತೆಗೆಯುತ್ತಾರಾ. ಆ ಊರಿನ ಜನಕ್ಕಾಗಿ ನೋಟ್‌ಬುಕ್ಕಿನಲ್ಲಿ ಹೊಸ ಪುಟ ಶುರು ಮಾಡಿ.